ಮರಿ ಆಮೇಲೆ, ಮೊದಲು ತಾಯಿಯನ್ನು ತೋರಿಸಿ

ಹುಬ್ಬಳ್ಳಿಯಲ್ಲಿ ದೊಡ್ಡ ನಾಯಿಯ ಮರಿ ಬೇಕು ಎಂದರೆ ಸಿಗುವುದು ಕಷ್ಟವೇ ಅಲ್ಲ. ಬೆಳಿಗ್ಗೆ ನಾಲ್ಕು ಜನರ ಕಿವಿಗೆ ಹಾಕಿದರೆ ಸಂಜೆಯೊಳಗೆ ಮೊಬೈಲ್ ತುಂಬ ಮರಿಗಳ ಫೋಟೊ. ಲ್ಯಾಬ್ ಕ್ರಾಸ್, ಅಂದರೆ ಲ್ಯಾಬ್ರಡಾರ್ ಬೇರೆ ತಳಿಯ ಜೊತೆ ಬೆರೆತದ್ದು, ಜರ್ಮನ್ ಶೆಫರ್ಡ್ ಕ್ರಾಸ್, ಗೋಲ್ಡನ್ ಮತ್ತು ಪೂಡಲ್ ಸೇರಿದ್ದು, ಸೇಂಟ್ ಬರ್ನಾರ್ಡ್ ರಕ್ತ ಇರುವುದು. ರೇಟು ಹೇಳುತ್ತಾರೆ, ಬಣ್ಣ ಹೇಳುತ್ತಾರೆ, ಗಂಡೋ ಹೆಣ್ಣೋ ಹೇಳುತ್ತಾರೆ. "ಇದರ ತಾಯಿ ಎಲ್ಲಿದೆ? ಬಂದು ನೋಡಬಹುದಾ?" ಎಂದು ಕೇಳಿ ನೋಡಿ. ಅಲ್ಲಿಗೆ ಮಾತು ಎಳೆಯುತ್ತದೆ. ತಾಯಿ ಬೇರೆ ಊರಲ್ಲಿದೆ, ತಾಯಿ ಫಾರ್ಮ್‌ನಲ್ಲಿದೆ, ತಾಯಿ ಯಾರನ್ನೂ ಹತ್ತಿರ ಬಿಡುವುದಿಲ್ಲ. ಮರಿಯನ್ನು ಬೇಕಾದರೆ ರಾತ್ರಿ ಬಸ್ಸಿಗೆ ಬುಟ್ಟಿಯಲ್ಲಿಟ್ಟು ಕಳಿಸುತ್ತಾರಂತೆ, ಮೊದಲು ಅಡ್ವಾನ್ಸ್ ಹಾಕಬೇಕಂತೆ.

ಈ ಹುಡುಕಾಟದಲ್ಲಿ ನನಗೆ ಗಟ್ಟಿಯಾಗಿರುವ ಮಾತು ಒಂದೇ. ತಾಯಿಯನ್ನು ತೋರಿಸದವರ ಹತ್ತಿರ ಮರಿ ತರಬಾರದು. ಉಳಿದ ಎಲ್ಲ ಪ್ರಶ್ನೆಗಳಿಗೂ ಉತ್ತರ ಆ ತಾಯಿಯ ಹತ್ತಿರವೇ ಇದೆ.

ನಮ್ಮ ಮನೆ ನವನಗರದಲ್ಲಿದೆ. ಅವ್ವ, ನಾವಿಬ್ಬರು, ತಮ್ಮನ ಸಂಸಾರ, ಎಲ್ಲರೂ ಒಟ್ಟಿಗೆ ಇದ್ದೇವೆ. ಹಿತ್ತಲಿದೆ, ಪೇರಲ ಗಿಡದ ನೆರಳಿದೆ, ಸುತ್ತ ಕಂಪೌಂಡ್ ಇದೆ. ಮಕ್ಕಳಿಗೆ ನಾಯಿ ಬೇಕು. ಅವ್ವನಿಗೂ ಬೇಕು, ಏಕೆಂದರೆ ಹಗಲು ಹೊತ್ತು ಮನೆಯಲ್ಲಿ ಇರುವವಳು ಅವಳೊಬ್ಬಳೇ. ದೊಡ್ಡ ನಾಯಿಯೇ ಆಗಬೇಕು ಎಂಬುದರಲ್ಲಿ ಎಲ್ಲರೂ ಒಂದೇ. ಶುದ್ಧ ತಳಿಯೇ ಬೇಕು ಎಂಬ ಹಟ ಯಾರಿಗೂ ಇಲ್ಲ.

ಹಾಗಾದರೆ ಬೀದಿಯ ಮರಿಯನ್ನೇ ತರಬಹುದಲ್ವಾ ಎಂದು ಕೆಲವರು ಕೇಳಿದರು. ಖಂಡಿತ ತರಬಹುದು. ಈ ಬಿಸಿಲಿಗೆ ನಮ್ಮ ಜವಾರಿ ನಾಯಿಯಷ್ಟು ಒಗ್ಗಿದ ನಾಯಿ ಇನ್ನೊಂದಿಲ್ಲ. ದೊಡ್ಡದಾದ ಮೇಲೆ ಸಾಕಲಾಗದೆ ಜನ ಬಿಟ್ಟುಹೋದ ಲ್ಯಾಬ್‌ಗಳು, ಶೆಫರ್ಡ್‌ಗಳು ಕೂಡ ಮನೆಗಾಗಿ ಕಾಯುತ್ತಿರುತ್ತವೆ. ಅಂಥ ಒಂದು ನಾಯಿಗೆ ಮನೆ ಕೊಡುವುದು ದೊಡ್ಡ ಕೆಲಸ. ಆದರೆ ನಮ್ಮ ಮನೆಯಲ್ಲಿ ಮಂಡಿ ನೋವಿನ ಅವ್ವ ಇದ್ದಾಳೆ, ಚಿಕ್ಕ ಮಕ್ಕಳಿದ್ದಾರೆ. ಬೆಳೆದರೆ ಮೂವತ್ತು ಕಿಲೋ ತೂಗುವ ನಾಯಿಯ ತಂದೆ ತಾಯಿಯ ಸ್ವಭಾವವನ್ನು ಕಣ್ಣಾರೆ ನೋಡಿ ತರಬೇಕು ಎಂಬುದು ನಮ್ಮ ಆಸೆ. ಬ್ರೀಡರ್, ಅಂದರೆ ನಾಯಿ ಸಾಕಿ ಮರಿ ಮಾರುವವರ ಹತ್ತಿರ ಹೋಗುವುದಕ್ಕೆ ಇರುವ ಒಂದೇ ನ್ಯಾಯವಾದ ಕಾರಣ ಇದು. ತಾಯಿಯನ್ನು ನೋಡದೆಯೇ ದುಡ್ಡು ಕೊಟ್ಟು ತರುವುದಾದರೆ, ಬೀದಿಯ ಮರಿಯ ಬಗ್ಗೆ ಗೊತ್ತಿರುವುದಕ್ಕಿಂತ ಜಾಸ್ತಿ ಏನೂ ನಮಗೆ ಗೊತ್ತಿರುವುದಿಲ್ಲ. ಆಗ ಬೀದಿಯ ಮರಿಯನ್ನೇ ತರುವುದು ಎಷ್ಟೋ ಮೇಲು.

ತಮ್ಮನ ಮಗಳಿಗೆ ಧೂಳು, ಕೂದಲು ಸೋಕಿದರೆ ಸೀನು ಹಿಡಿಯುತ್ತದೆ. ಅದಕ್ಕೇ ಮೊದಲು ಬಂದ ಸಲಹೆ ಪೂಡಲ್ ಕ್ರಾಸ್. "ಇದರ ಕೂದಲು ಉದುರೂದೇ ಇಲ್ರಿ, ಅಲರ್ಜಿ ಆಗೂದೇ ಇಲ್ಲ" ಎಂದು ಒಬ್ಬರು ಗ್ಯಾರಂಟಿ ಕೊಟ್ಟರು. ಈ ಗ್ಯಾರಂಟಿಯ ಮೂಲ ಹುಡುಕಿದರೆ ಆಸ್ಟ್ರೇಲಿಯಾಕ್ಕೆ ಹೋಗಿ ನಿಲ್ಲುತ್ತೇವೆ. ಅಲ್ಲಿ ಕುರುಡರಿಗೆ ದಾರಿ ತೋರಿಸುವ ನಾಯಿಗಳನ್ನು ತಯಾರು ಮಾಡುವ ಸಂಸ್ಥೆಯೊಂದಿದೆ. 1980ರ ದಶಕದ ಕೊನೆಯಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದ ವಾಲಿ ಕಾನ್ರನ್ ಎಂಬುವರಿಗೆ ಹವಾಯಿಯಿಂದ ಒಂದು ಕೋರಿಕೆ ಬಂತು. ಕಣ್ಣು ಕಾಣದ ಹೆಂಗಸೊಬ್ಬರಿಗೆ ನಾಯಿ ಬೇಕಿತ್ತು, ಅವರ ಗಂಡನಿಗೆ ನಾಯಿಯೆಂದರೆ ಅಲರ್ಜಿ. ಕಾನ್ರನ್ ಲ್ಯಾಬ್ರಡಾರ್ ಮತ್ತು ದೊಡ್ಡ ಪೂಡಲ್ ಸೇರಿಸಿ ಮರಿ ಮಾಡಿಸಿದರು. ಮೂರು ಮರಿ ಹುಟ್ಟಿದವು. ಅವುಗಳ ಕೂದಲು, ಜೊಲ್ಲು ಕಳಿಸಿ ಪರೀಕ್ಷೆ ಮಾಡಿಸಿದಾಗ ಆ ಗಂಡನಿಗೆ ತೊಂದರೆ ಕೊಡದೆ ಇದ್ದದ್ದು ಒಂದೇ ಮರಿ.

ಮೂರರಲ್ಲಿ ಒಂದು. ಒಂದೇ ತಾಯಿ, ಒಂದೇ ತಂದೆ, ಒಂದೇ ದಿನ ಹುಟ್ಟಿದ ಮರಿಗಳು. ನಾಯಿಯ ಅಲರ್ಜಿ ಬರೀ ಕೂದಲಿನಿಂದ ಬರುವುದಲ್ಲ, ಜೊಲ್ಲು ಮತ್ತು ಚರ್ಮದ ಹೊಟ್ಟಿನಿಂದಲೂ ಬರುತ್ತದೆ. ಕೂದಲು ಉದುರದ ನಾಯಿಯೂ ಮಗುವಿನ ಕೈ ನೆಕ್ಕುತ್ತದೆ ತಾನೇ? ಹಾಗಾಗಿ ಯಾವ ಮಾರಾಟಗಾರನೂ ಅಲರ್ಜಿಯ ಗ್ಯಾರಂಟಿ ಕೊಡಲಾರ. ಮಗುವನ್ನು ಆ ನಾಯಿಗಳ ಜೊತೆ ಒಂದಷ್ಟು ಹೊತ್ತು ಕೂಡಿಸಿ ನೋಡುವುದೊಂದೇ ದಾರಿ. ಕಾನ್ರನ್ 2019ರಲ್ಲಿ ಆಸ್ಟ್ರೇಲಿಯಾದ ಎಬಿಸಿ ಪ್ರಸಾರ ಸಂಸ್ಥೆಗೆ ಕೊಟ್ಟ ಸಂದರ್ಶನದಲ್ಲಿ ತಾನು ಮಾಡಿದ ಈ ಕೆಲಸಕ್ಕೆ ಬಹಳ ನೊಂದುಕೊಂಡರು. ಆರೋಗ್ಯ ನೋಡದೆ ಸಿಕ್ಕಸಿಕ್ಕವರೆಲ್ಲ ದುಡ್ಡಿಗಾಗಿ ಮರಿ ಮಾಡಿಸತೊಡಗಿದ್ದೇ ಅವರ ಸಂಕಟ. ಅವರು ಹೇಳಿದ್ದು ನಮ್ಮ ಊರಿಗೂ ಸರಿಯಾಗಿ ಹೊಂದುತ್ತದೆ.

ಇನ್ನೊಂದು ಮಾತು ಎಲ್ಲ ಕಡೆ ಕೇಳಿಬಂತು. "ಕ್ರಾಸ್ ನಾಯಿ ಗಟ್ಟಿ ಇರತದ, ರೋಗ ಬರೂದಿಲ್ಲ." ಇದರಲ್ಲಿ ಅರ್ಧ ಸತ್ಯವಿದೆ. ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ತಮ್ಮ ಪಶು ಆಸ್ಪತ್ರೆಗೆ ಬಂದ 27,000ಕ್ಕೂ ಹೆಚ್ಚು ನಾಯಿಗಳ ದಾಖಲೆ ನೋಡಿ 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಂಶದಿಂದ ಬರುವ 24 ತೊಂದರೆಗಳನ್ನು ಅವರು ಪರಿಶೀಲಿಸಿದ್ದರು. ಅದರಲ್ಲಿ 10 ತೊಂದರೆಗಳು ಶುದ್ಧ ತಳಿಯಲ್ಲಿ ಜಾಸ್ತಿ ಇದ್ದವು. ಒಂದು, ಮಂಡಿಯ ಕಟ್ಟು ಹರಿಯುವ ತೊಂದರೆ, ಕ್ರಾಸ್ ನಾಯಿಗಳಲ್ಲೇ ಜಾಸ್ತಿ ಇತ್ತು. ಉಳಿದ 13ರಲ್ಲಿ ಎರಡಕ್ಕೂ ವ್ಯತ್ಯಾಸವೇ ಇರಲಿಲ್ಲ. ದೊಡ್ಡ ನಾಯಿಗಳನ್ನು ಕಾಡುವ ಸೊಂಟದ ಕೀಲಿನ ತೊಂದರೆ, ಅಂದರೆ ಹಿಪ್ ಡಿಸ್‌ಪ್ಲೇಸಿಯಾ, ಈ 13ರಲ್ಲಿ ಒಂದು.

ಇದರ ಕಾರಣ ಯೋಚಿಸಿದರೆ ಸುಲಭವಾಗಿಯೇ ತಿಳಿಯುತ್ತದೆ. ಲ್ಯಾಬ್‌ಗೂ ಸೊಂಟದ ತೊಂದರೆ ಇದೆ, ಶೆಫರ್ಡ್‌ಗೂ ಇದೆ, ಗೋಲ್ಡನ್‌ಗೂ ಸೇಂಟ್ ಬರ್ನಾರ್ಡ್‌ಗೂ ಇದೆ. ಎರಡೂ ಕಡೆಯಿಂದ ಅದೇ ದೋಷ ಬಂದರೆ ಬೆರಕೆಯಾದ ಮಾತ್ರಕ್ಕೆ ಅದು ಹೋಗುವುದಿಲ್ಲ. ತೊಡೆಯ ಮೂಳೆಯ ಗುಂಡು ತಲೆ ಸೊಂಟದ ಕುಳಿಯಲ್ಲಿ ಸರಿಯಾಗಿ ಕೂರುವುದಿಲ್ಲ, ಸಡಿಲವಾಗಿ ಅಲ್ಲಾಡುತ್ತದೆ, ಸವೆಯುತ್ತದೆ, ನೋಯುತ್ತದೆ. ಚಿಕ್ಕ ಮರಿಯನ್ನು ಬರೀ ಕಣ್ಣಿನಿಂದ ನೋಡಿದರೆ ಇದು ಗೊತ್ತಾಗುವುದಿಲ್ಲ. ತಂದೆ ತಾಯಿಯ ಎಕ್ಸ್‌ರೇ ತೆಗೆಸಿದರೆ ಗೊತ್ತಾಗುತ್ತದೆ. ಅಮೆರಿಕದಲ್ಲಿ ಇಂಥ ಎಕ್ಸ್‌ರೇ ನೋಡಿ ಪ್ರಮಾಣಪತ್ರ ಕೊಡುವ ಸಂಸ್ಥೆ, ನಾಯಿಗೆ 24 ತಿಂಗಳು ತುಂಬಿದ ಮೇಲೆಯೇ ಕೊನೆಯ ತೀರ್ಮಾನ ಕೊಡುತ್ತದೆ. ನಾನು ಮಾತಾಡಿಸಿದ ಬ್ರೀಡರ್‌ಗಳಲ್ಲಿ ಹೆಚ್ಚಿನವರು ಎಕ್ಸ್‌ರೇ ಮಾಡಿಸಿರಲಿಲ್ಲ. ಕೇಳಿದಾಗ ಸಿಟ್ಟಾದವರೂ ಇದ್ದರು. ಸಿಟ್ಟಾದವರನ್ನು ಅಲ್ಲಿಗೇ ಬಿಟ್ಟೆ.

ಎಕ್ಸ್‌ರೇ ಇಲ್ಲದಿದ್ದರೆ ಇನ್ನೇನು ದಾರಿ? ಹಿಂದಿನ ಸೂಲಿನ ಮರಿಗಳು. ಇದೇ ತಾಯಿ ಎರಡು ವರ್ಷದ ಹಿಂದೆ ಹಾಕಿದ ಮರಿಗಳು ಈಗ ಎಲ್ಲಿವೆ, ಹೇಗಿವೆ? ಅವುಗಳನ್ನು ಒಯ್ದವರ ಜೊತೆ ಮಾತಾಡಿಸುತ್ತೀರಾ? ನನ್ನ ಪ್ರಕಾರ ಈ ಪ್ರಶ್ನೆಯಷ್ಟು ಬೆಲೆಬಾಳುವ ಪ್ರಶ್ನೆ ಇನ್ನೊಂದಿಲ್ಲ. ಒಳ್ಳೆಯ ಬ್ರೀಡರ್‌ಗೆ ತನ್ನ ಮರಿ ಯಾವ ಮನೆಯಲ್ಲಿದೆ ಎಂದು ಗೊತ್ತಿರುತ್ತದೆ. ಕೊಟ್ಟ ದಿನವೇ ಮರೆತವರಿಗೆ ಗೊತ್ತಿರುವುದಿಲ್ಲ.

ನಮ್ಮ ಅಜ್ಜ ಹಾವೇರಿ ಕಡೆಯವರು. ಎತ್ತು ಕೊಳ್ಳಲು ಹೋದರೆ ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ಕಾಲಿಡುವ ರೀತಿ ನೋಡುತ್ತಿದ್ದರು. ಕರು ಕೊಳ್ಳುವಾಗಲಂತೂ ಕರುವಿಗಿಂತ ಆಕಳ ಹತ್ತಿರವೇ ಜಾಸ್ತಿ ಹೊತ್ತು ನಿಲ್ಲುತ್ತಿದ್ದರಂತೆ. ಹೊಲದ ಕೆಲಸದ ದನಕ್ಕೆ ಅಷ್ಟು ನೋಡುತ್ತಿದ್ದ ಮನೆತನದವರು ನಾವು. ಮಕ್ಕಳ ಪಕ್ಕದಲ್ಲಿ ಮಲಗುವ ನಾಯಿಯನ್ನು ಫೋಟೊ ನೋಡಿ ತರುವುದು ಯಾವ ಲೆಕ್ಕ?

ತಾಯಿ ನಾಯಿಯಲ್ಲಿ ಏನು ನೋಡಬೇಕು ಎಂದು ಪಶುವೈದ್ಯರೊಬ್ಬರು ನನಗೆ ಸಮಾಧಾನದಿಂದ ಹೇಳಿಕೊಟ್ಟರು. ಹಾಲೂಡಿಸುವ ತಾಯಿ ಸ್ವಲ್ಪ ಇಳಿದುಹೋಗಿರುತ್ತದೆ, ಕೂದಲೂ ಉದುರಿರುತ್ತದೆ, ಅದು ಸಹಜ. ಅದನ್ನೇ ದೊಡ್ಡ ತಪ್ಪು ಎಂದುಕೊಳ್ಳಬಾರದು. ನೋಡಬೇಕಾದ್ದು ಬೇರೆ. ಮಾಲೀಕರು ಹತ್ತಿರ ಬಂದಾಗ ಬಾಲ ಅಲ್ಲಾಡಿಸುತ್ತದೋ, ಮೈ ಕುಗ್ಗಿಸುತ್ತದೋ? ಮಲಗುವ ಜಾಗ ಒಣಗಿದೆಯೋ, ಉಚ್ಚೆಯ ವಾಸನೆಯೋ? ನೀರಿನ ಪಾತ್ರೆಯಲ್ಲಿ ಪಾಚಿ ಕಟ್ಟಿದೆಯೋ? ಅದನ್ನು ಮನೆಯ ಒಳಗೆ ಬಿಡುತ್ತಾರೋ, ಶೆಡ್ಡಿನಿಂದ ಹೊರಗೇ ತರುವುದಿಲ್ಲವೋ? ಹೊಸಬರನ್ನು ಕಂಡು ಬೊಗಳಲಿ, ಪರವಾಗಿಲ್ಲ. ಬೊಗಳಿದ ಮೇಲೆ ಸಮಾಧಾನವಾಗುತ್ತದೋ, ಹೆದರಿ ಮೂಲೆ ಸೇರುತ್ತದೋ? ಹೆದರಿಕೆಯ ಸ್ವಭಾವ ವಂಶದಿಂದಲೂ ಬರುತ್ತದೆ, ತಾಯಿಯನ್ನು ನೋಡಿ ಮರಿ ಕಲಿಯುವುದರಿಂದಲೂ ಬರುತ್ತದೆ. ದೊಡ್ಡ ನಾಯಿಯಲ್ಲಿ ಹೆದರಿಕೆ ಎಂದರೆ ಕಚ್ಚುವ ಅಪಾಯ.

"ತಾಯಿ ಹತ್ತಿರ ಬಿಡೂದಿಲ್ಲ" ಎಂಬ ನೆವದ ಬಗ್ಗೆಯೂ ಅವರು ಹೇಳಿದರು. ಮರಿ ಹುಟ್ಟಿದ ಮೊದಲ ಎರಡು ಮೂರು ವಾರ ಈ ಮಾತು ನಿಜ. ಆಗ ಹೊರಗಿನವರು ಯಾರೂ ಹತ್ತಿರ ಹೋಗಲೂಬಾರದು. ಆದರೆ ಮರಿ ಕೊಡುವ ವಯಸ್ಸಿಗೆ ಬರುವ ಹೊತ್ತಿಗೆ ತಾಯಿಯೇ ಅವುಗಳಿಂದ ಸ್ವಲ್ಪ ದೂರ ಸರಿಯುತ್ತಿರುತ್ತದೆ. ಆಗಲೂ ಆ ನೆವ ಹೇಳಿದರೆ, ಒಂದೋ ತಾಯಿ ಅಲ್ಲಿಲ್ಲ, ಇಲ್ಲವೇ ತೋರಿಸುವ ಸ್ಥಿತಿಯಲ್ಲಿಲ್ಲ. ತಂದೆ ನಾಯಿಯ ಮಾತು ಬೇರೆ. ಅದು ಇನ್ನೊಬ್ಬರ ಮನೆಯದಾಗಿರಬಹುದು, ದೂರದ ಊರಲ್ಲಿರಬಹುದು. ಅವರ ಫೋನ್ ನಂಬರ್ ಕೊಟ್ಟರೆ ಸಾಕು.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನೇ ಇದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ನಾಯಿ ಸಾಕಿ ಮರಿ ಮಾರುವವರಿಗೆಂದೇ ಕೇಂದ್ರ ಸರ್ಕಾರ 2017ರಲ್ಲಿ ನಿಯಮಗಳನ್ನು ತಂದಿದೆ. ಬ್ರೀಡರ್ ಆದವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮಾರುವ ಮೊದಲು ಚರ್ಮದ ಕೆಳಗೆ ಗುರುತಿನ ನಂಬರ್ ಇರುವ ಮೈಕ್ರೋಚಿಪ್ ಹಾಕಿಸಬೇಕು. ಲಸಿಕೆಯ ವಿವರ ಬರೆದುಕೊಡಬೇಕು. ಓದುತ್ತ ಹೋದಾಗ ನನಗೆ ಖುಷಿಯಾದದ್ದು ತಾಯಿ ನಾಯಿಯ ಬಗ್ಗೆ ಅದರಲ್ಲಿರುವ ಕಾಳಜಿ. ಹದಿನೆಂಟು ತಿಂಗಳಾಗುವ ಮೊದಲು ಅದನ್ನು ಗಂಡಿಗೆ ಬಿಡಬಾರದು. ಎರಡು ಬೆದೆಗೆ ಸಾಲಾಗಿ ಮರಿ ಹಾಕಿಸಬಾರದು. ಇಡೀ ಆಯಸ್ಸಿನಲ್ಲಿ ಐದು ಸೂಲಿಗಿಂತ ಜಾಸ್ತಿ ಆಗಬಾರದು. ಎಂಟು ವರ್ಷ ದಾಟಿದ ಮೇಲೆ ಬೇಡವೇ ಬೇಡ. ಹತ್ತಿರದ ರಕ್ತಸಂಬಂಧದಲ್ಲಿ ಕೂಡಿಸುವಂತಿಲ್ಲ.

ಇದನ್ನು ಓದಿದ ಮೇಲೆ ಕೇಳುವ ಪ್ರಶ್ನೆಗಳು ತಾವಾಗಿಯೇ ಸಿಗುತ್ತವೆ. ತಾಯಿಯ ವಯಸ್ಸೆಷ್ಟು? ಇದು ಎಷ್ಟನೇ ಸೂಲು? ಕಳೆದ ಸಲ ಯಾವಾಗ ಮರಿ ಹಾಕಿತ್ತು? ಹೆಣ್ಣು ನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ. ವರ್ಷವಿಡೀ ಒಂದೇ ಜಾತಿಯ ಮರಿ ಯಾವಾಗ ಕೇಳಿದರೂ ಒಬ್ಬರ ಹತ್ತಿರ ಸಿಗುತ್ತದೆ ಎಂದರೆ, ಅವರ ಹತ್ತಿರ ಬಹಳ ತಾಯಿಗಳಿವೆ, ಇಲ್ಲವೇ ಕೆಲವೇ ತಾಯಿಗಳಿಗೆ ಬಿಡುವೇ ಇಲ್ಲ. ಇಲ್ಲವೇ ಅವರು ಬ್ರೀಡರ್ ಅಲ್ಲ, ಬೇರೆ ಕಡೆಯಿಂದ ತಂದು ಮಾರುವವರು. ಶೆಡ್ಡಿನಲ್ಲಿ ಸೊರಗುವ ಆ ತಾಯಿಯ ಬಗ್ಗೆ ಯೋಚಿಸಿದಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ನಾವು ಮುದ್ದು ಮಾಡುವ ಮರಿಯ ಬೆಲೆಯನ್ನು ತೆರುವುದು ಅದೇ.

ಎಂಟು ವಾರದ ನಿಯಮ ಸುಮ್ನೆ ಬರೆದದ್ದಲ್ಲ. ಕಚ್ಚಿದರೆ ನೋವಾಗುತ್ತದೆ ಎಂದು ಮರಿಗೆ ಕಲಿಸುವುದು ತಾಯಿ ಮತ್ತು ಒಡಹುಟ್ಟಿದ ಮರಿಗಳು. ನಮ್ಮಲ್ಲಿ ತಿಂಗಳು ತುಂಬುವಷ್ಟರಲ್ಲಿ ಮಾರಿಬಿಡುವವರು ಬಹಳ. ಆಗ ಮರಿ ಮುದ್ದಾಗಿ ಕಾಣುತ್ತದೆ, ಮಾರುವವರಿಗೆ ಊಟದ ಖರ್ಚೂ ಉಳಿಯುತ್ತದೆ. ಲಸಿಕೆಯೂ ಬಿದ್ದಿರುವುದಿಲ್ಲ. ಮೊದಲ ಲಸಿಕೆ ಆರರಿಂದ ಎಂಟು ವಾರದೊಳಗೆ. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ಆಗುವವರೆಗೆ. ಪಾರ್ವೋ ಎಂಬ ವೈರಸ್ ರೋಗ ಬಂದರೆ ವಾಂತಿ, ರಕ್ತಭೇದಿ, ಕೆಲವೇ ದಿನದಲ್ಲಿ ಪ್ರಾಣ ಹೋಗಬಹುದು. ಸೋಂಕು ತಗುಲಿದ ಮೇಲೂ ಮೂರರಿಂದ ಏಳು ದಿನ ಮರಿ ಆಡಿಕೊಂಡೇ ಇರುತ್ತದೆ. ಅದಕ್ಕೇ ಕೊಂಡ ದಿನ ಚೆನ್ನಾಗಿದ್ದ ಮರಿ ಮನೆಗೆ ಬಂದ ವಾರದಲ್ಲಿ ಮಲಗಿಬಿಡುತ್ತದೆ. ನಮ್ಮ ಬೀದಿಯ ಒಂದು ಮನೆಯಲ್ಲಿ ಹೀಗೇ ಆಯಿತು. ಮಾರಿದವರು ಆಮೇಲೆ ಫೋನ್ ಎತ್ತಲಿಲ್ಲ. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಆ ಮನೆಯವರು ಇನ್ನೊಂದು ಮರಿಯನ್ನು ಬೇಗ ತರುವಂತೆಯೂ ಇರಲಿಲ್ಲ.

ಪೇಪರ್, ಅಂದರೆ ನಾಯಿಯ ವಂಶದ ದಾಖಲೆಯ ಬಗ್ಗೆ ಒಂದು ಮಾತು. ಕೆನಲ್ ಕ್ಲಬ್ ಆಫ್ ಇಂಡಿಯಾ ಪೇಪರ್ ಕೊಡುವುದು ಶುದ್ಧ ತಳಿಗೆ. ಕ್ರಾಸ್ ಮರಿಯನ್ನು ತೋರಿಸಿ "ಕೆಸಿಐ ಪೇಪರ್ ಅದರಿ" ಎಂದರೆ ಅದು ತಂದೆಯದೋ ತಾಯಿಯದೋ ಎಂದು ಕೇಳಿ, ಚಿಪ್ ನಂಬರ್ ಜೊತೆ ಹೋಲಿಸಿ. ಇನ್ನು, 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಟ್‌ವೀಲರ್, ಪಿಟ್‌ಬುಲ್, ಮ್ಯಾಸ್ಟಿಫ್ ಸೇರಿ 23 ಬಗೆಯ ನಾಯಿಗಳನ್ನೂ ಅವುಗಳ ಕ್ರಾಸ್‌ಗಳನ್ನೂ ಸಾಕುವುದನ್ನೂ ಮಾರುವುದನ್ನೂ ನಿಲ್ಲಿಸಲು ಸುತ್ತೋಲೆ ಹೊರಡಿಸಿತ್ತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಕಾನೂನಿನ ಮಾತು ಏನೇ ಇರಲಿ, ತಂದೆ ತಾಯಿ ಯಾರೆಂದು ತಿಳಿಯದ ಮ್ಯಾಸ್ಟಿಫ್ ಕ್ರಾಸನ್ನು ನಾನು ಚಿಕ್ಕ ಮಕ್ಕಳಿರುವ ಮನೆಗೆ ತರುವುದಿಲ್ಲ.

ಊರಿನ ಬಿಸಿಲನ್ನೂ ನೋಡಬೇಕು. ತಮ್ಮನಿಗೆ ಬರ್ನೀಸ್ ಮೌಂಟೇನ್ ಡಾಗ್ ಮತ್ತು ಪೂಡಲ್ ಸೇರಿದ ಮರಿಯ ಮೇಲೆ ಮನಸ್ಸಿತ್ತು. ಬರ್ನೀಸ್ ಸ್ವಿಟ್ಜರ್ಲೆಂಡಿನ ಬೆಟ್ಟದ ನಾಯಿ, ಮೈತುಂಬ ದಟ್ಟ ಕೂದಲು. ಅದರ ಆಯಸ್ಸೂ ಕಡಿಮೆ, ಏಳರಿಂದ ಹತ್ತು ವರ್ಷ. ಕ್ಯಾನ್ಸರ್ ಆ ತಳಿಯಲ್ಲಿ ಬಹಳ. ಏಪ್ರಿಲ್ ಮಧ್ಯಾಹ್ನ ಹುಬ್ಬಳ್ಳಿಯಲ್ಲಿ ಮನುಷ್ಯರೇ ಹೊರಗೆ ಬರುವುದಿಲ್ಲ, ಆ ನಾಯಿ ಎಲ್ಲಿ ಹೋಗಬೇಕು? ಗುಂಗುರು ಕೂದಲಾದರೆ ದಿನವೂ ಬಾಚಬೇಕು, ಇಲ್ಲದಿದ್ದರೆ ಗಂಟು ಕಟ್ಟುತ್ತದೆ. ಆ ಗಂಟಿನೊಳಗೆ ಉಣ್ಣಿ ಕುಳಿತರೆ ಕಾಣುವುದೂ ಇಲ್ಲ. ಉಣ್ಣಿಯಿಂದ ಬರುವ ಜ್ವರಕ್ಕೆ ನಾಯಿಗಳು ಸಾಯುತ್ತವೆ. ತಮ್ಮನಿಗೆ ಇದನ್ನು ಹೇಳಿದಾಗ ಎರಡು ದಿನ ಮುಖ ಸಣ್ಣದು ಮಾಡಿಕೊಂಡ. ಆಮೇಲೆ ಅವನೇ "ಹೌದಣ್ಣ, ಪಾಪ ಅದಕ್ಕ ಶಿಕ್ಷೆ" ಎಂದ.

ಇಷ್ಟು ಹತ್ತಿರದಲ್ಲಿ ಮುಧೋಳ ಇರುವಾಗ ಆ ನಾಯಿಯ ಯೋಚನೆ ಬಾರದೆ ಇರುತ್ತದೆಯೇ? ನಮ್ಮ ಹೆಮ್ಮೆಯ ನಾಯಿ ಅದು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, 2016ರಲ್ಲಿ ಸೇನೆಯವರು ತರಬೇತಿಗೆ ಒಯ್ದರು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ತಳಿಗೆಂದೇ ಸಂಶೋಧನಾ ಕೇಂದ್ರವಿದೆ. ಕೂದಲು ಗಿಡ್ಡ, ಬಿಸಿಲು ತಡೆಯುತ್ತದೆ. ಆದರೆ ಅದು ಓಡಲು ಹುಟ್ಟಿದ ಬೇಟೆ ನಾಯಿ. ಕಣ್ಣೆದುರು ಏನಾದರೂ ಓಡಿತೆಂದರೆ ಬೆನ್ನಟ್ಟುತ್ತದೆ. ಮುಧೋಳ ಮತ್ತು ಲ್ಯಾಬ್ ಸೇರಿದ ಮರಿಯಲ್ಲಿ ಯಾವ ಕಡೆಯ ಗುಣ ಎಷ್ಟು ಬರುತ್ತದೆ ಎಂದು ಯಾರೂ ಹೇಳಲಾರರು. ನಮ್ಮ ಗೇಟಿನ ಹೊರಗೆ ದಿನವಿಡೀ ಮೇಕೆಗಳು, ಕೋಳಿಗಳು. ಅವ್ವ ಹಗ್ಗ ಹಿಡಿದು ನಿಲ್ಲಿಸಲಾರಳು. ಹಾಗಾಗಿ ಬೇಡವೆಂದೆವು, ಮನಸ್ಸಿಲ್ಲದ ಮನಸ್ಸಿನಿಂದ.

ಕೊನೆಗೆ ನಮಗೆ ಮನಸ್ಸು ನಿಂತದ್ದು ಧಾರವಾಡದ ಆಚೆ ಒಂದು ಹೊಲದ ಮನೆಯಲ್ಲಿ. ತಾಯಿ ಲ್ಯಾಬ್, ತಂದೆ ಜರ್ಮನ್ ಶೆಫರ್ಡ್. ಮನೆಯ ಯಜಮಾನತಿಯೇ ನಾಯಿಗಳನ್ನು ನೋಡಿಕೊಳ್ಳುವವರು. ನಾವು ಹೋದಾಗ ತಾಯಿ ನಾಯಿ ಅಡುಗೆಮನೆ ಬಾಗಿಲಲ್ಲಿ ಅಡ್ಡ ಮಲಗಿತ್ತು. ಎದ್ದು ಬಂದು ಮೂಸಿ ನೋಡಿತು, ಮತ್ತೆ ಹೋಗಿ ಅಲ್ಲೇ ಮಲಗಿತು. ಆ ಅಕ್ಕಾ ನೋಂದಣಿ ಪತ್ರ ತೋರಿಸಿದರು, ಲಸಿಕೆಯ ಪುಸ್ತಕ ತೋರಿಸಿದರು, ಎರಡೂ ನಾಯಿಗಳ ಸೊಂಟದ ಎಕ್ಸ್‌ರೇ ಕವರ್ ತೆಗೆದಿಟ್ಟರು. ಮೊದಲ ಸೂಲಿನ ಮರಿ ಒಯ್ದ ಮನೆಗಳ ನಂಬರ್ ಕೊಟ್ಟರು. ಮಾತಾಡಿದೆ. ನಾಯಿಯ ಬಗ್ಗೆ ಅವರೆಲ್ಲ ಪ್ರೀತಿಯಿಂದ ಬಹಳ ಹೊತ್ತು ಹೇಳಿದರು.

ಮರಿಗೆ ಕ್ಯಾಲ್ಸಿಯಂ ಟಾನಿಕ್ ಎಷ್ಟು ಹಾಕಬೇಕು ಎಂದು ನನ್ನ ಹೆಂಡತಿ ಕೇಳಿದಳು. ಎಲ್ಲ ಕಡೆ ಅದನ್ನು ಹಾಕಿ ಎಂದೇ ಹೇಳಿದ್ದರು. ಈ ಅಕ್ಕಾ ಮಾತ್ರ "ಡಾಕ್ಟರ್ ಹೇಳದ ಹಾಕಬ್ಯಾಡ್ರಿ" ಎಂದರು. ದೊಡ್ಡ ತಳಿಯ ಮರಿಗೆ ಕ್ಯಾಲ್ಸಿಯಂ ಜಾಸ್ತಿಯಾದರೆ ಮೂಳೆ ಸರಿಯಾಗಿ ಬೆಳೆಯುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ವರ್ಷ ತುಂಬುವವರೆಗೆ ಮೆಟ್ಟಿಲು ಹತ್ತಿಸಿ ಇಳಿಸಿ ಆಟ ಆಡಿಸಬೇಡಿ ಎಂದೂ ಹೇಳಿದರು. ಆಮೇಲೆ ಪ್ರಶ್ನೆ ಕೇಳುವ ಸರದಿ ಅವರದು. ಹಗಲು ಮನೆಯಲ್ಲಿ ಯಾರು ಇರುತ್ತಾರೆ, ಊರಿಗೆ ಹೋದರೆ ನಾಯಿಯನ್ನು ಎಲ್ಲಿ ಬಿಡುತ್ತೀರಿ, ಮನೆ ಸ್ವಂತದ್ದೋ ಬಾಡಿಗೆಯದೋ, ಯಾವ ಡಾಕ್ಟರ್ ಹತ್ತಿರ ಹೋಗುತ್ತೀರಿ. ಸಾಕಲು ಆಗದಿದ್ದರೆ ಬೇರೆ ಯಾರಿಗೂ ಕೊಡಬಾರದು, ತನಗೇ ವಾಪಸ್ ತಂದುಕೊಡಬೇಕು ಎಂದು ಬರೆದುಕೊಡಬೇಕಂತೆ. ಈ ಷರತ್ತು ಕೇಳಿದಾಗಲೇ ನನಗೆ ಅವರ ಮೇಲೆ ಪೂರ್ತಿ ನಂಬಿಕೆ ಬಂತು.

ಮರಿ ಮಾತ್ರ ಈಗ ಇಲ್ಲ. ಹೋದ ಬೆದೆಗೆ ಮರಿ ಹಾಕಿದೆ, ಹಾಗಾಗಿ ಈ ಸಲ ತಾಯಿಗೆ ವಿಶ್ರಾಂತಿ. ಅದರ ಮುಂದಿನ ಬೆದೆಗೆ ಬಿಟ್ಟರೆ ಗರ್ಭ ಸುಮಾರು 63 ದಿನ, ಆಮೇಲೆ ಎಂಟು ವಾರ. ಮಕ್ಕಳಿಗೆ ಇದನ್ನು ಕ್ಯಾಲೆಂಡರ್ ತೆಗೆದು ತೋರಿಸಿದ್ದೇನೆ. ಗೇಟಿನ ಕೆಳಗಿನ ಸಂದಿಗೆ ಜಾಲರಿ ಹಾಕಿಸುವುದು, ಹಿತ್ತಲಲ್ಲಿ ನೆರಳಿನ ಕಟ್ಟೆ ಕಟ್ಟಿಸುವುದು ಅಷ್ಟರೊಳಗೆ ಆಗಬೇಕು. ಅದಕ್ಕೂ ಮೊದಲು ತಮ್ಮನ ಮಗಳನ್ನು ಅಲ್ಲಿ ಅರ್ಧ ದಿನ ನಾಯಿಗಳ ಜೊತೆ ಬಿಟ್ಟು ಸೀನು ಬರುತ್ತದೋ ನೋಡಬೇಕು. ಫೋನ್ ಮಾಡಿ ಕೇಳಿದಾಗ ಅಕ್ಕಾ ತಕ್ಷಣ ಒಪ್ಪಿಕೊಂಡರು. "ಎಲ್ಲಾ ಹುಡುಗರನ್ನೂ ಕರ್ಕೊಂಡು ಬರ್ರಿ. ನಾಯಿ ಕೂಡ ಅವು ಹೆಂಗ ಇರತಾವು ಅಂತ ನಾನೂ ನೋಡಬೇಕಲ್ರಿ."